ನಿಂತ ಚಿತ್ರ

ಬೆಟಗೇರಿ ಟಾಕೀಸಿನಾಗ ನಾ ರೀಲು ಸುತ್ತೋ ಹುಡುಗ,
ದಾವಲಸಾಬ ಕಲೇಗಾರ ನನ್ನ ಉಸ್ತಾದ.
ಎಪ್ಪತ್ನಾಕರ ಶ್ರಾವಣ. ಪೌರಾಣಿಕ ಬರಬೇಕಾಗಿತ್ತು,
ಹುಬ್ಬಳ್ಳಿ ಗಾಡಿಯಿಂದ ಇಳಿದ ಡಬ್ಬಿ ಬ್ಯಾರೇನ:
ಇಟಲಿನೋ ಫ್ರಾನ್ಸೋ, ತುಕ್ಕು ತಿಂದ ಅರ್ಧ ಅಕ್ಷರ,
ಒಳಗ ಒಂದು ಭೂತದ ಪಿಚ್ಚರ್.
ಮ್ಯಾನೇಜರ್ ಗುಳಗಣ್ಣವರು ಬೆಳಕಿಗೆ ಹಿಡದು ನೋಡಿ ಅಂದ್ರು,
'ಹಾಕ್ರಿ. ಹೆಂಗಸು ಚಂದ ಅದಾಳ.'

ಚಂದ ಇದ್ಲು ಖರೇ.
ಸುಣ್ಣದಂಥ ಮಾರಿ, ಹುಬ್ಬಿನ ತನಕ ಕರೇ ಮುಸುಕು.
ಸಮುದ್ರದ ದಂಡ್ಯಾಗ ಅಕಿದೊಂದು ಕ್ವಾಟಿ,
ಕ್ವಾಟಿಗೆ ಹನ್ನೊಂದು ಬಾಗಿಲ.
ಹನ್ನೊಂದನೇದ್ದು ತೆರೀತು, ಅಕಿ ಬಗ್ಗಿದ್ಲು,
ಹಲ್ಲು ಇಳಿಸೋ ಹೊತ್ತಿಗೆ

ಚಿತ್ರ ನಿಂತಬಿಡ್ತು.
ಸುತ್ತ ಕಾಡಿಗಿ ತೀಡಿದಂಗ ದಪ್ಪ ಗೆರಿ.

'ಏ ಸಾಬಾ, ನಿದ್ದಿ ಹತ್ತಿತೇನು!' ಕೆಳಗ ಶಿಳ್ಳೆ.
ಉಸ್ತಾದ ಜಿಗದು ಗೇಟಿಗೆ ಕೈ ಹಾಕಿದ.
ರೀಲು ಸಿಕ್ಕರ ಕಾರ್ಬನ್ನಿನ ಬೆಂಕಿ ಬಿಡೂದಿಲ್ಲ,
ಹಾಲಿನ ಕೆನಿಯಂಗ ಗುಳ್ಳಿ ಎದ್ದು ನಡುವ ತೂತು ಬೀಳಬೇಕು.
ಬೀಳಲಿಲ್ಲ.
ಹಲ್ಲಿನ ಗಾಲಿ ತಿರಗಾಕತ್ತಿತ್ತು,
ಕೆಳಗಿನ ಸುರುಳಿ ದಪ್ಪ ಆಗಾಕತ್ತಿತ್ತು.
'ಪರಸ್ಯಾ,' ಅಂದ, ದನಿ ಸಣ್ಣದಾಗಿತ್ತು,
'ರೀಲು ಓಡತೈತಿ. ಚಿತ್ರ ನಿಂತೈತಿ.'

ನಾ ನೇಕಾರರ ಹುಡುಗ.
ನನಗ ಅಂಜಿಕಿ ಬಂದಿದ್ದು ಅಕಿ ಹಲ್ಲಿಗಲ್ಲ:
ಲಾಳಿ ಓಡಾಕತ್ತೈತಿ, ಸೀರಿ ಬೆಳೀವಲ್ದು.

ಕಿಂಡಿಗೆ ಬಾಯಿ ಇಟ್ಟು ಕೂಗಿದ ಉಸ್ತಾದ,
'ನಾ ಏನೂ ಮಾಡಿಲ್ರೀ!'
ಒಂಬತ್ತು ಸಲ ನಿಂತಿತು, ಒಂಬತ್ತು ಸಲ ಕೂಗಿದ.
ಕಡೀಕೆ ಒಂದು ಚಪ್ಪಲಿ ಬಂದು ಕಿಂಡಿಗೆ ಬಡೀತು.

ರಾತ್ರಿ ಬ್ಲೇಡು ತಗೊಂಡು ಕುಂತ್ವಿ.
ಅದ ಬಾಯಿ, ಅದ ಹಲ್ಲು, ಎಪ್ಪತ್ತೆರಡು ಸಲ.
'ಮುಂಬೈದಾಗ ತಪ್ಪು ಪ್ರಿಂಟ್ ಹಾಕ್ಯಾರ ಹುಚ್ಚಮಂದಿ.'
ಕೊಯ್ದ್ವಿ, ಸಿಮೆಂಟ್ ಹಚ್ಚಿ ಕೂಡಿಸಿದ್ವಿ,
ಬೆರಳಿಗೆ ಹುಳಿ ಹಣ್ಣಿನ ಘಾಟು.
ಎರಡನೇ ದಿನ ಎಲ್ಲೂ ನಿಲ್ಲಲಿಲ್ಲ,
ಯಾರೂ ಹೆದರಲೂ ಇಲ್ಲ. ಒಬ್ಬ ಆಕಳಿಸಿದ್ದು ಮ್ಯಾಲಿನ ತನಕ ಕೇಳಿಸ್ತು.
ಪ್ರಿಂಟ್ ಕೊಯ್ದದ್ದಕ್ಕ ದಂಡ ಅರವತ್ತು ರೂಪಾಯಿ,
ಪಗಾರದಾಗ ಹಿಡದ್ರು.

ನಿನ್ನೆ ಟಾಂಗಾಕೂಟದ ಹತ್ರ, ದಿಲಶಾದಳ ಝೆರಾಕ್ಸ್ ಅಂಗಡಿ.
ಉಸ್ತಾದನ ಸಣ್ಣ ಮಗಳು. ಲಗ್ನಪತ್ರಿಕಿ ಮಾಡೋ ಕಂಪ್ಯೂಟರಿನಾಗ
ಅದ ಪಿಚ್ಚರ್ ಹುಡುಕಿ ಇಟ್ಟಿದ್ಲು, ತೊಳದು ಹೊಸಾದು ಮಾಡಿದ್ದು.
'ಇದು ಮೊದಲ ಕಾಮಿಕ್ಸ್ ಪುಸ್ತಕ ಇತ್ತಂತ ಕಾಕಾ.
ಪುಸ್ತಕದ ಚೌಕದಂಗ ಕಾಣ್ಲಿ ಅಂತ
ನಡುನಡುವ ಬೇಕಂತನ ನಿಲ್ಲಿಸ್ಯಾರಂತ.'

ಬೇಕಂತನ.
ಹುಣಸೀಬೀಜದಂಗ ಆ ಮಾತು ಬಾಯಾಗ ಇಟಗೊಂಡು ಕುಂತೆ.
ತಂಬಾಕ ಡಬ್ಬಿಯಿಂದ ನನ್ನ ತುಂಡು ತಗದು ಬೆಳಕಿಗೆ ಹಿಡದೆ:
ಬಣ್ಣ ಹಾರಿ ಎಲ್ಲಾ ಗುಲಾಬಿ,
ಅಕಿ ಮಾರಿ, ಕ್ವಾಟಿ, ರಕ್ತ, ರಾತ್ರಿ.
ದಿಲಶಾದ ಅಂದ್ಲು, 'ಸಾಯೂ ಹಿಂದಿನ ತಿಂಗಳೂ ಕೇಳ್ತಿದ್ದ ಅಪ್ಪ,
ಅವತ್ತ್ಯಾಕ ಸುಡಲಿಲ್ಲ ಅಂತ.'

ಈಗ ನೋಡಿದ್ರ ಬಾವಲಿಗೆ ಕಟ್ಟಿದ ದಾರ ಕಾಣಸ್ತೈತಿ.
ಅಕಿ ಕೈ ಇಟ್ಟರ ಕ್ವಾಟಿ ಗ್ವಾಡಿ ಅಳಗಾಡತೈತಿ.
ನಾ ನಕ್ಕೆ, ಅಕಿನೂ ನಕ್ಲು.
ನಗೋದರಾಗ ಹನ್ನೊಂದನೇ ಬಾಗಿಲ.
'ಅಕ್ಕಾರ, ಆಧಾರ್, ಎರಡೂ ಕಡೆ,' ಹೊಸ್ತಿಲದಾಗ ಒಬ್ಬ ಹುಡುಗ.
ಚಿತ್ರ ನಿಂತಿತು.

'ನಿಲ್ಲಿಸಬ್ಯಾಡ, ಹೋಗ್ಲಿ ಬಿಡು,' ಅಂದೆ.
ದಿಲಶಾದ ಎರಡೂ ಕೈ ಮ್ಯಾಲೆತ್ತಿದ್ಲು.
'ನಾ ಏನೂ ಮಾಡಿಲ್ಲ ಕಾಕಾ.'

ಸಮುದ್ರದ ಸಪ್ಪಳ ಓಡಾಕತ್ತಿತ್ತು.
ನಾ ಮೂಗು ಏರಿಸಿದೆ, ಎಲ್ಲೆರ ಸುಡತೈತೇನಂತ.